ನಲ್ಲಿಗಳ ಎಣಿಕೆ
2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ ಯೋಜನೆಯ ಮಾತು ತಲೆಗೆ ದಿನಕ್ಕೆ 55 ಲೀಟರ್ ನೀರು. ಆದರೆ ನಲ್ಲಿಗಳನ್ನಷ್ಟೇ ಎಣಿಸಿ ‘ಶೇಕಡಾ ನೂರು’ ಎಂದು ಬರೆಯುವುದು ಯಾವ ಗಣಿತ?

ಹತ್ತನೆಯ ತರಗತಿಯ ಸಂಭವನೀಯತೆಯೇ ಸಾಕು. ಹೊಳೆ, ವಿದ್ಯುತ್ತು, ಪಂಪು, ಕೊಳವೆ ಇವು ತಮ್ಮ ಪಾಡಿಗೆ ತಾವು ನೂರರಲ್ಲಿ ತೊಂಬತ್ತು ದಿನ ಸರಿಯಿದ್ದರೂ, ನಾಲ್ಕೂ ಒಟ್ಟಿಗೆ ಸರಿಯಿರುವುದು ಸುಮಾರು 66 ದಿನ. ಎರಡನೆಯ ಪಂಪು ಇಟ್ಟರೆ 72ಕ್ಕೇರೀತು. ಎರಡೂ ಒಂದೇ ದಂಡೆಯಲ್ಲಿದ್ದರೆ ಅದೂ ಸುಳ್ಳು! ಅದೇ ಆಗಸ್ಟಿನಲ್ಲಿ ಘಟಪ್ರಭೆಯು ಗೋಕಾಕಕ್ಕೆ ನುಗ್ಗಿದ್ದನ್ನು ಕಂಡವರೇ ನಾವು. ಮಹಾಪೂರವು ಒಂದು ಪಂಪನ್ನು ಮುಳುಗಿಸಿ ಪಕ್ಕದ್ದನ್ನು ಬಿಟ್ಟುಹೋಗುವುದೆ?

ಹಿಡಕಲ್ಲಿನಲ್ಲಿ 51 ಟಿಎಂಸಿಯ ಜಲಾಶಯವಿದೆಯೆಂಬುದು ಉತ್ತರವಲ್ಲ. ಕಳೆದ ತಿಂಗಳು ಮೇಲವಂಕಿಯ ಕಟ್ಟಕಡೆಯ ಮನೆಗೆ ಎಷ್ಟು ದಿನ ನೀರು ಬಂದಿತು, ನಿಂತದ್ದು ಎಷ್ಟು ದಿನಕ್ಕೆ ಮರಳಿತು ಎಂಬುದನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಲಿ.