ಅಮ್ಮತ್ತಿಯ ತೋಟದೊಳಗೆ ‘ಹಸಿರು ಬಡಾವಣೆ’ ಬೇಕೆ?

ಕೊಡಗಿನ ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಅಮ್ಮತ್ತಿ. ಸುತ್ತ ರೊಬಸ್ಟಾ ಕಾಫಿ, ನೆರಳಿಗೆ ಸಿಲ್ವರ್ ಓಕ್, ಅದನ್ನು ತಬ್ಬಿದ ಕರಿಮೆಣಸು. ಇಂಥ ತೋಟದ ನಡುವೆ ಪರಿಸರಸ್ನೇಹಿ ಮನೆಗಳ ಬಡಾವಣೆ ಕಟ್ಟಬಹುದೆ?

ಪರ

ತೋಟ ಒಡೆಯುವುದು ನಿಲ್ಲುವುದಿಲ್ಲ. ಅಣ್ಣತಮ್ಮಂದಿರ ಪಾಲಾಗುತ್ತದೆ, ಆಳು ಸಿಗುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿ. ಹೇಗೆ ಒಡೆಯಬೇಕೆಂಬುದಷ್ಟೇ ಈಗ ಉಳಿದಿರುವ ಮಾತು. ಒಬ್ಬೊಬ್ಬರೇ ಜೆಸಿಬಿ ತರಿಸಿ, ಬಾಣೆಯ (ಗದ್ದೆಯ ಮೇಲಿನ ಗುಡ್ಡದ ನೆಲ) ಇಳಿಜಾರನ್ನು ನೆಟ್ಟಗೆ ಕಡಿದು, ಆ ಮಣ್ಣನ್ನೇ ಕೆಳಕ್ಕೆ ತಳ್ಳಿ ಅದರ ಮೇಲೆ ಹೋಂಸ್ಟೇ ಎಬ್ಬಿಸಿದರೆ ಏನಾಗುತ್ತದೆ? ಸಡಿಲ ಮಣ್ಣು ಆಗಸ್ಟ್ ಮಳೆಯಲ್ಲಿ ನೀರು ಕುಡಿದು ಭಾರವಾಗಿ ಜಾರುತ್ತದೆ. 2018ರಲ್ಲಿ ಮಕ್ಕಂದೂರು, ಜೋಡುಪಾಲ ಭಾಗದ ಕುಸಿತಗಳ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೂ ಇಳಿಜಾರು ಕಡಿದದ್ದರ ಕಡೆಗೇ ಬೆರಳು ಮಾಡಿತು.

ಒಂದೇ ನಕ್ಷೆಯ ಬಡಾವಣೆಯಾದರೆ ರಸ್ತೆಯನ್ನು ಗುಡ್ಡದ ಬಳುಕಿಗೆ ತಕ್ಕಂತೆ ಎಳೆಯಬಹುದು, ನೆಲ ಕಡಿಯದೆ ಮನೆಯನ್ನು ಕಂಬಗಳ ಮೇಲೆ ನಿಲ್ಲಿಸಬಹುದು. ಗೋಡೆಗೆ ಸುಟ್ಟ ಇಟ್ಟಿಗೆ ಬೇಡ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ ಬೆಳೆಸಿದ ಮಣ್ಣಿನ ಬ್ಲಾಕ್ ಸಾಕು: ಸ್ಥಳದ ಮಣ್ಣಿಗೆ ಶೇ. 5ರಿಂದ 8ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದರಾಯಿತು.

ಇಳಿಜಾರು ಹಿಡಿಯಲು ಕಟ್ಟಿದ ತಡೆಗೋಡೆ ಬಿದ್ದಾಗ ಸಿಮೆಂಟ್ ಕಡಿಮೆಯಾಯಿತು ಎನ್ನುತ್ತಾರೆ. ಎಷ್ಟೋ ಸಲ ಕಡಿಮೆಯಾದದ್ದು ಗೋಡೆಯ ಹಿಂದಿನ ನೀರು ಹೊರಬರಲು ಬಿಡಬೇಕಾದ ತೂತು; ಒಂದೇ ನಕ್ಷೆಯಾದರೆ ಅದನ್ನೂ ಮೊದಲೇ ಗುರುತಿಸಬಹುದು.

ವಿರೋಧ

ತೂತಿನ ಮಾತು ಒಪ್ಪಿದೆ. ಆದರೆ ಇಂಥ ಬಡಾವಣೆಗಳ ‘ಹಸಿರು’ ಬೆಂಗಳೂರಿನಲ್ಲಿ ಕಲಿತದ್ದು. ಅಲ್ಲಿ ಮನೆಗೊಂದು ಇಂಗುಗುಂಡಿ ತೋಡುವುದು ಪುಣ್ಯದ ಕೆಲಸ. ಜುಲೈ ಹೊತ್ತಿಗೆ ನೆನೆದು ಮುದ್ದೆಯಾದ ಬಾಣೆಯ ಇಳಿಜಾರಿನಲ್ಲಿ ಅದೇ ಗುಂಡಿ ಮಣ್ಣಿನ ಹಿಡಿತವನ್ನು ಸಡಿಲಿಸುತ್ತದೆ. ಇಂಗಿಸದೆ ಹೊರಬಿಟ್ಟರೆ? ಸೂರು, ರಸ್ತೆಗಳ ನೀರು ಒಮ್ಮೆಗೇ ಕೊಲ್ಲಿಗೆ (ಹಳ್ಳಕ್ಕೆ) ನುಗ್ಗಿ ಕಾವೇರಿ ಕಡೆಗೆ ಹೋಗುತ್ತದೆ. ಅಲ್ಲಿ ಕರಡಿಗೋಡು, ಗುಹ್ಯದ ದಡದ ಮನೆಗಳಿವೆ; 2019ರ ಆಗಸ್ಟಿನಲ್ಲಿ ಹೊಳೆ ಅವುಗಳೊಳಗೇ ಬಂದಿತ್ತು. ಅದೇ ತಿಂಗಳು ತೋರ ಗ್ರಾಮದಲ್ಲಿ ಗುಡ್ಡವೇ ಇಳಿಯಿತು.

ಬೇಸಿಗೆಯ ಲೆಕ್ಕ ಇನ್ನೂ ಬಿಗಿ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಬೆಳೆಗಾರ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ತಿರುಗಿಸುತ್ತಾನೆ. ಹೂ ಅರಳದಿದ್ದರೆ ವರ್ಷದ ಫಸಲೇ ಹೋಯಿತು. ಬಡಾವಣೆಯ ಬೋರ್‌ವೆಲ್ ನೀರೆಳೆಯುವುದೂ ಆಗಲೇ. ಕೆರೆಗೆ ಆನೆ ಬರುವುದೂ ಆಗಲೇ. ಬಡಾವಣೆಯವರು ಸುತ್ತ ಸೋಲಾರ್ ಬೇಲಿ ಹಾಕಿಕೊಂಡರೆ ಆನೆ ಹಿಂದಿರುಗಿ ಕಾಡಿಗೆ ಹೋಗುತ್ತದೆಯೆ? ಪಕ್ಕದ ತೋಟದ ಹಲಸಿನ ಮರದಡಿ ನಿಲ್ಲುತ್ತದೆ, ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಟ ಹೆಂಗಸರಿಗೆ ಎದುರಾಗುತ್ತದೆ.

ಆ ಹೆಂಗಸರು ಬರುವುದು ತೋಟದ ಕಾರ್ಮಿಕರ ಲೈನ್ ಮನೆಯಿಂದ. ಒಂದು ಕೋಣೆ, ಸೋರುವ ಶೀಟು. ಮಣ್ಣಿನ ಬ್ಲಾಕು, ಕಂಬದ ಮನೆ, ಸರಿಯಾದ ಚರಂಡಿ ಎಲ್ಲವೂ ಮೊದಲು ಬೇಕಿರುವುದು ಅಲ್ಲಿ, ಈಗಾಗಲೇ ಮನೆಗಳಿರುವ ನೆಲದಲ್ಲೇ. ಅದಕ್ಕೆ ಹೊಸದಾಗಿ ಒಂದು ಸೆಂಟು ತೋಟವನ್ನೂ ಒಡೆಯಬೇಕಿಲ್ಲ.