ತನ್ನ ತಕ್ಕಡಿಗೆ ತಾನೇ ಮುದ್ರೆ ಹೊಡೆದುಕೊಂಡರೆ

ಮೂಡಿಗೆರೆ ಪೇಟೆಯಲ್ಲಿ ಕಾಫಿ, ಕಾಳುಮೆಣಸು ಕೊಳ್ಳುವ ಅಂಗಡಿ ನಮ್ಮದು. ಬೆಳೆಗಾರರು ಚೀಲ ಇಳಿಸಿದ ಮೇಲೆ ಒಂದು ಹಿಡಿ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ಬೀಜ ಎಷ್ಟು ಬಂತೆಂದು ತೂಗಿ, ತೇವಾಂಶದ ಮೀಟರಿಗೆ ಹಾಕಿ ದರ ಹೇಳುತ್ತೇವೆ. ಮೀಟರ್ ನಮ್ಮದು, ಮಾದರಿ ತೆಗೆಯುವ ಕೈ ನಮ್ಮದು, ಲೆಕ್ಕ ಬರೆಯುವ ಪೆನ್ನೂ ನಮ್ಮದೇ. ಹಳೇ ಕಾಲದ ಗೌಡರೊಬ್ಬರು ನಮ್ಮ ತಂದೆಗೆ ಹೇಳುತ್ತಿದ್ದರು: “ಸಾಹೇಬ್ರೇ, ನೀವು ಮೋಸ ಮಾಡ್ತೀರಿ ಅಂತ ನಾನು ಹೇಳಲ್ಲ. ಮಾಡಿದ್ರೆ ನನಗೆ ಗೊತ್ತಾಗೋದು ಹೆಂಗೆ, ಅಷ್ಟು ಹೇಳಿ.” ತಂದೆಯ ಬಳಿ ಉತ್ತರವಿರಲಿಲ್ಲ. ಗೌಡರು ಎದುರಿನ ಅಂಗಡಿಯಲ್ಲಿ ಇನ್ನೊಂದು ಮಾದರಿ ಬಿಡಿಸಿಕೊಂಡು ಬಂದೇ ದರ ಒಪ್ಪುತ್ತಿದ್ದರು. ತಂದೆಗೆ ಬೇಸರವಾಗುತ್ತಿತ್ತು, ಆದರೆ ಗೌಡರದ್ದು ತಪ್ಪೆಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಚೀಲ ತೂಗುವ ತಕ್ಕಡಿಯ ವಿಷಯದಲ್ಲಿ ಈ ಜಗಳ ಇರಲಿಲ್ಲ. ಅದಕ್ಕೆ ಅಳತೆ ಮತ್ತು ತೂಕದ ಇಲಾಖೆಯವರು ಬಂದು ಪರೀಕ್ಷಿಸಿ ಮುದ್ರೆ ಹೊಡೆದು ಹೋಗುತ್ತಿದ್ದರು. ಆ ಅಧಿಕಾರಿಗೆ ಸಂಬಳ ಕೊಡುವವರು ನಾವಲ್ಲ, ಬಡ್ತಿ ಕೊಡುವವರೂ ನಾವಲ್ಲ.

ಒಂದು ಚೀಲ ಕಾಫಿಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು ಕೈಗಾದ ನಾಲ್ಕು ಪರಮಾಣು ರಿಯಾಕ್ಟರ್‌ಗಳ ವಿಷಯದಲ್ಲಿ ದಶಕಗಳ ಕಾಲ ಈ ಪ್ರಶ್ನೆಯನ್ನೇ ಕೇಳಲಿಲ್ಲ. ಕೇಳಿದವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆದು ಕೂರಿಸಿದೆವು. ಶಿವರಾಮ ಕಾರಂತರು 1989ರಲ್ಲಿ, ಆ ಇಳಿವಯಸ್ಸಿನಲ್ಲಿ, ಇದೇ ವಿಷಯ ಹಿಡಿದು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು, ಸೋತರು. ಸ್ಥಾವರ ಬಂತು. ಮೊದಲ ಎರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಿದ್ಯುತ್ ಕೊಡಲು ಶುರು ಮಾಡಿದವು. ಒಂದೊಂದೂ 220 ಮೆಗಾವ್ಯಾಟ್‌ನದು. ಸ್ಥಾವರ ಬೇಕೇ ಬೇಡವೇ ಎಂಬ ಹಳೆಯ ಜಗಳಕ್ಕೆ ನಾನು ಇಲ್ಲಿ ಮರಳುತ್ತಿಲ್ಲ. ನನ್ನ ತಕರಾರು ಬೇರೆ: ಅದನ್ನು ಕಾಯುವವರನ್ನು ಯಾರು ಕಾಯುತ್ತಾರೆ?

ಸ್ಥಾವರ ಶುರುವಾಗುವ ಮೊದಲೇ ಏನಾಯಿತೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. 1994ರ ಮೇ 13ರಂದು ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರ ಪದರವಾಗಿ ಬಿಟ್ಟುಕೊಂಡು ಕೆಳಗೆ ಬಿತ್ತು. ಬಿದ್ದದ್ದು ಸುಮಾರು 130 ಟನ್. ಕೆಲಸಗಾರರು ಗಾಯಗೊಂಡರು. ಗುಮ್ಮಟವೆಂದರೆ ಮನೆಯ ಮಾಡಿನಂತೆ ಮಳೆ ತಡೆಯಲು ಇರುವುದಲ್ಲ. ರಿಯಾಕ್ಟರಿನಲ್ಲಿ ಅನಾಹುತವಾದರೆ ವಿಕಿರಣ ಹೊರಗೆ ಬಾರದಂತೆ ಹಿಡಿದಿಡಬೇಕಾದ ಕೊನೆಯ ಗೋಡೆ ಅದು. ಒಳಗೆ ಇನ್ನೂ ಇಂಧನ ತುಂಬಿರಲಿಲ್ಲ ಎಂಬುದೊಂದೇ ನಮ್ಮ ಅದೃಷ್ಟ. ಕೆಲಸ ನಿಂತಿತು, ತನಿಖೆಯಾಯಿತು, ವಿನ್ಯಾಸವನ್ನೇ ಬದಲಿಸಿ ಮತ್ತೆ ಕಟ್ಟಬೇಕಾಯಿತು. ಆ ಹೊತ್ತಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಅವರ ಕಾಲದಲ್ಲಿ, 1995ರಲ್ಲಿ, ಮಂಡಳಿ ದೇಶದ ಪರಮಾಣು ಸ್ಥಾವರಗಳಲ್ಲಿ ಸರಿಪಡಿಸಬೇಕಾದ ಸುಮಾರು 130 ಸುರಕ್ಷತಾ ಲೋಪಗಳ ಪಟ್ಟಿ ಮಾಡಿತು. ಬಹುಪಾಲು ತುರ್ತಿನವು ಎಂದೂ ಹೇಳಿತು. ಗೋಪಾಲಕೃಷ್ಣನ್ 1996ರಲ್ಲಿ ಹುದ್ದೆ ಬಿಟ್ಟ ಮೇಲೆ ಇದನ್ನೆಲ್ಲ ಬಹಿರಂಗವಾಗಿ ಬರೆದರು, ಮಾತಾಡಿದರು. ಒಳಗೆ ಕೂತಿದ್ದವರೊಬ್ಬರು ಹೊರಗೆ ಬಂದು ಕೂಗಿ ಹೇಳಬೇಕಾಗಿ ಬಂದದ್ದೇ ಆ ವ್ಯವಸ್ಥೆಯ ಮೇಲಿನ ತೀರ್ಪಲ್ಲವೇ?

ಆ ವ್ಯವಸ್ಥೆ ಹೇಗಿತ್ತು ನೋಡಿ. 1983ರ ನವೆಂಬರಿನಲ್ಲಿ ಸರ್ಕಾರಿ ಆದೇಶವೊಂದರಿಂದ ಹುಟ್ಟಿದ ಮಂಡಳಿ ಇದು. ಸಂಸತ್ತು ಕಾಯ್ದೆ ಮಾಡಿ ಹುಟ್ಟಿಸಿದ್ದಲ್ಲ. ಅದು ವರದಿ ಒಪ್ಪಿಸಬೇಕಾಗಿದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿ. ಕೈಗಾ ನಡೆಸುವ ಪರಮಾಣು ವಿದ್ಯುತ್ ನಿಗಮ ಇರುವುದೂ ಅದೇ ಇಲಾಖೆಯಡಿ. ಅಂದರೆ ಪರೀಕ್ಷೆ ಬರೆಯುವ ಹುಡುಗನ ಅಪ್ಪನೇ ಹೆಡ್‌ಮಾಸ್ಟರು, ಮೌಲ್ಯಮಾಪನ ಮಾಡುವ ಮೇಷ್ಟ್ರು ಅವನ ಕೈಕೆಳಗೆ. 2000ದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರವನ್ನು ಈ ಮಂಡಳಿಯ ಕಣ್ಣಿನಿಂದಲೇ ಹೊರಗಿಟ್ಟರು.

2012ರಲ್ಲಿ ಮಹಾಲೇಖಪಾಲರು ಈ ಮಂಡಳಿಯ ಲೆಕ್ಕ ತೆಗೆದರು. ಆ ವರದಿ ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮಂಡಳಿ ಹುಟ್ಟಿದಾಗಲೇ ವಹಿಸಿದ್ದ ವಿಕಿರಣ ಸುರಕ್ಷತಾ ನೀತಿ ಸುಮಾರು 3 ದಶಕ ಕಳೆದರೂ ತಯಾರಾಗಿರಲಿಲ್ಲ. ನಿಯಮ ಮುರಿದವರಿಗೆ 1962ರ ಕಾಯ್ದೆಯಡಿ ಹಾಕಬಹುದಾಗಿದ್ದ ದಂಡದ ಮಿತಿ 500 ರೂಪಾಯಿ! ನಮ್ಮೂರಿನಲ್ಲಿ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದವನೂ ಅದಕ್ಕಿಂತ ಹೆಚ್ಚು ಬೆವರುತ್ತಾನೆ.

ಈಗ 2009ಕ್ಕೆ ಬರೋಣ. ನವೆಂಬರ್ 24ರಂದು ಕೈಗಾದಲ್ಲಿ ಕೆಲಸಗಾರರ ಮೂತ್ರದ ಮಾದರಿಗಳಲ್ಲಿ ಟ್ರಿಟಿಯಂ ಹೆಚ್ಚಿರುವುದು ಕಂಡಿತು. ಹುಡುಕಿದರೆ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇರುವ ಭಾರಜಲ ಬೆರೆಸಿದ್ದರು. ಕೂಲರಿಗೆ ಬೀಗವಿತ್ತು. ಹೆಚ್ಚಾದ ನೀರು ಹೊರಹೋಗುವ ಕೊಳವೆಯ ಮೂಲಕ ಸುರಿದಿದ್ದರೆಂದು ಆಮೇಲೆ ಹೇಳಿದರು. 50ಕ್ಕೂ ಹೆಚ್ಚು ಮಂದಿ ಆ ನೀರು ಕುಡಿದಿದ್ದರು. ಕೆಲವರು ಆಸ್ಪತ್ರೆಗೆ ಹೋದರು. ಇದು ಒಳಗಿನವರದೇ ಕಿಡಿಗೇಡಿತನ ಎಂದು ದೊಡ್ಡವರು ಹೇಳಿಕೆ ಕೊಟ್ಟರು. ಸರಿ, ಯಂತ್ರ ಕೆಟ್ಟು ಆದದ್ದಲ್ಲ. ಆದರೆ ಇದರಿಂದ ಸಮಾಧಾನ ಹೆಚ್ಚಬೇಕೋ, ಭಯ ಹೆಚ್ಚಬೇಕೋ? ಮಾದರಿ ತೆಗೆದ ಭಾರಜಲ ಪ್ರಯೋಗಾಲಯದಿಂದ ಕೂಲರಿನವರೆಗೆ ಯಾರ ಕಣ್ಣಿಗೂ ಬೀಳದೆ ನಡೆದು ಬರಬಹುದಾದರೆ ಕಾವಲು ಎಂಬುದು ಎಲ್ಲಿತ್ತು? ಸುದ್ದಿ ನಾಡಿಗೆ ತಿಳಿದದ್ದು ನಾಲ್ಕೈದು ದಿನ ಕಳೆದ ಮೇಲೆ. ಪಕ್ಕದ ಮಲ್ಲಾಪುರದ ಜನ ಆ ನಾಲ್ಕೈದು ದಿನ ಎಂದಿನಂತೆ ಉಂಡು ಮಲಗಿದ್ದರು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಕೈಗಾದ ಒಂದನೇ ಘಟಕ 2016ರ ಮೇ 13ರಂದು ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ. (ಗುಮ್ಮಟ ಬಿದ್ದದ್ದೂ ಒಂದು ಮೇ 13ರಂದೇ. ಕ್ಯಾಲೆಂಡರಿಗೂ ಹಾಸ್ಯಪ್ರಜ್ಞೆ ಇದೆ.) ಅಲ್ಲಿನ ಎಂಜಿನಿಯರುಗಳು, ಕೆಲಸಗಾರರು ನಿಪುಣರು, ಅನುಮಾನವಿಲ್ಲ. ಆದರೆ ನಿಲ್ಲಿಸದೆ ಓಡಿಸಿದ್ದನ್ನು ಹಬ್ಬ ಮಾಡುವ ಸಂಸ್ಥೆಯೊಳಗೆ, “ಇವತ್ತು ನಿಲ್ಲಿಸಿ, ಬಿಚ್ಚಿ ನೋಡಬೇಕು” ಎನ್ನುವವನ ಮಾತು ಯಾರಿಗೆ ರುಚಿಸೀತು? ಆ ಮಾತು ಹೇಳುವವನು ಹೊರಗಿನವನಾಗಿರಬೇಕು.

ಬಿಚ್ಚಿ ನೋಡುವುದನ್ನು ಮುಂದೂಡಿದರೆ ಏನಾಗುತ್ತದೆಂದು ತಿಳಿಯಲು ಉತ್ತರ ಪ್ರದೇಶದ ನರೋರಾಕ್ಕೆ ಹೋಗಬೇಕು. ಅಲ್ಲಿನ ಟರ್ಬೈನಿನ ಬ್ಲೇಡುಗಳ ವಿನ್ಯಾಸದಲ್ಲಿ ದೋಷವಿದೆ ಎಂದು ವಿನ್ಯಾಸ ಕೊಟ್ಟ ವಿದೇಶಿ ಕಂಪೆನಿಯಿಂದ ಮೊದಲೇ ಎಚ್ಚರಿಕೆ ಬಂದಿತ್ತು. ಬ್ಲೇಡು ಬದಲಾಗಲಿಲ್ಲ. 1993ರ ಮಾರ್ಚ್ 31ರ ನಸುಕಿನಲ್ಲಿ ಎರಡು ಬ್ಲೇಡು ಮುರಿದು, ಹೈಡ್ರೋಜನ್ ಸೋರಿ, ಎಣ್ಣೆಗೆ ಬೆಂಕಿ ಹತ್ತಿ, ಕೇಬಲ್ಲುಗಳೆಲ್ಲ ಉರಿದು ಇಡೀ ಸ್ಥಾವರ ಗಂಟೆಗಟ್ಟಲೆ ಕತ್ತಲಲ್ಲಿ ಮುಳುಗಿತು. ನಿಯಂತ್ರಣ ಕೊಠಡಿಗೆ ಹೊಗೆ ತುಂಬಿತು. ಬೆಂಕಿ ನಂದಿಸಲು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ನೀರು ಹಾಯಿಸಿ ರಿಯಾಕ್ಟರನ್ನು ತಂಪು ಮಾಡಿದರು. ಕೆಲಸಗಾರರು ಕತ್ತಲಲ್ಲಿ ಟಾರ್ಚ್ ಹಿಡಿದು ಕಟ್ಟಡದ ಮೇಲಕ್ಕೆ ಹತ್ತಿ ಕೈಯಿಂದ ವಾಲ್ವು ತಿರುಗಿಸಿದರು. ಆ ರಾತ್ರಿ ನಮ್ಮನ್ನು ಉಳಿಸಿದ್ದು ಆ ಕೈಗಳು. ಕಾಗದದ ಮೇಲಿನ ಮಂಡಳಿಯಲ್ಲ.

ಕೈಗಾ, ನರೋರಾದ ಮಾತು ಕಾಫಿ ಬೆಟ್ಟದವನಿಗೆ ಯಾಕೆ ಎಂದು ಓದುಗರು ಕೇಳಬಹುದು. ಕಳಸದವರು ಹೀಗೆ ಕೇಳಲಾರರು. ಭದ್ರೆ ಹುಟ್ಟುವ ಗಂಗಾಮೂಲದ ಪಕ್ಕದಲ್ಲೇ ಕುದುರೆಮುಖದ ಗಣಿ ಇತ್ತು. ಬೆಟ್ಟ ಅಗೆದು ಅದಿರು ತೊಳೆದು ಕೊಳವೆಯಲ್ಲಿ ಮಂಗಳೂರಿಗೆ ಕಳಿಸಿ, ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿದ್ದರು. ಮಳೆಗಾಲದಲ್ಲಿ ನದಿ ಕೆಂಪಾಗಿ ಹರಿಯುತ್ತಿತ್ತು. ಗಣಿಯೂ ಸರ್ಕಾರದ್ದು, ನೋಡಿಕೊಳ್ಳಬೇಕಾದವರೂ ಸರ್ಕಾರದವರು. ಗದ್ದೆಗೆ ಕೆಸರು ಬಂತೆಂದು ರೈತ ಹೇಳಿದರೆ ಅದು ದೂರು, ಎಲ್ಲ ಮಿತಿಯೊಳಗಿದೆ ಎಂದು ಕಂಪೆನಿ ಹೇಳಿದರೆ ಅದು ವರದಿ. ಕೊನೆಗೆ ತಡೆದದ್ದು ಆ ಮನೆಯವರು ಯಾರೂ ಅಲ್ಲ, ಸುಪ್ರೀಂ ಕೋರ್ಟು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತಿತು. ಗಣಿಯಿಂದ ಅನ್ನ ಉಂಡವರು ನಮ್ಮಲ್ಲೂ ಇದ್ದರು, ಅವರ ನೋವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಹೊರಗಿನ ಕಣ್ಣೊಂದು ಮೊದಲೇ ಇದ್ದಿದ್ದರೆ ಹೊಳೆಯೂ ಅಷ್ಟು ಕೆಡುತ್ತಿರಲಿಲ್ಲ, ಊರೂ ಹಾಗೆ ಒಮ್ಮೆಲೇ ಬರಿದಾಗುತ್ತಿರಲಿಲ್ಲ.

ಇನ್ನೂ ಹತ್ತಿರದ ಮಾತು ಹೇಳುತ್ತೇನೆ. ಈ ಪರಮಾಣು ಮಂಡಳಿಯ ಕೆಲಸ ರಿಯಾಕ್ಟರಿಗೆ ಮುಗಿಯುವುದಿಲ್ಲ. ಊರೂರಿನ ಎಕ್ಸ್‌ರೇ ಯಂತ್ರವನ್ನು ನೋಡಿಕೊಳ್ಳಬೇಕಾದದ್ದೂ ಅದೇ. ಕೆಲ ವರ್ಷಗಳ ಹಿಂದೆ ಉಮ್ಮನ ಕೈ ಮುರಿದಾಗ ಎಕ್ಸ್‌ರೇಗೆ ಕರೆದುಕೊಂಡು ಹೋಗಿದ್ದೆ. ಯಂತ್ರ ಓಡುವಾಗ ಬಾಗಿಲು ಅರ್ಧ ತೆರೆದೇ ಇತ್ತು, ಹೊರಗಿನ ಬೆಂಚಿನ ಮೇಲೆ ತುಂಬು ಬಸುರಿಯೊಬ್ಬಳು ಕೂತಿದ್ದಳು. ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಎಲ್ಲಿ ಎಂದು ಯಂತ್ರದ ಹುಡುಗನನ್ನು ಕೇಳಿದೆ. “ಡ್ರಾಯರಲ್ಲಿದೆ ಅಣ್ಣ, ಹಾಕ್ಕೊಂಡ್ರೆ ಕಳೆದುಹೋಗುತ್ತೆ” ಎಂದ. ಅವನನ್ನು ಬೈಯಲು ಮನಸ್ಸು ಬರಲಿಲ್ಲ. ಮಹಾಲೇಖಪಾಲರ ಅದೇ ವರದಿಯ ಪ್ರಕಾರ ಆಗ ದೇಶದಲ್ಲಿದ್ದ ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ ನೂರಕ್ಕೆ 91 ಮಂಡಳಿಯ ನೋಂದಣಿಯೇ ಇಲ್ಲದೆ ನಡೆಯುತ್ತಿದ್ದವು. ಪ್ರತಿ ರಾಜ್ಯದಲ್ಲೂ ವಿಕಿರಣ ಸುರಕ್ಷತಾ ನಿರ್ದೇಶನಾಲಯ ಬೇಕೆಂದು ಸುಪ್ರೀಂ ಕೋರ್ಟು 2001ರಲ್ಲೇ ಹೇಳಿತ್ತು. 2012ರ ಹೊತ್ತಿಗೆ ಅದನ್ನು ಮಾಡಿದ್ದು ಕೇರಳ ಮತ್ತು ಮಿಜೋರಾಂ ಮಾತ್ರ.

ನಮ್ಮಲ್ಲಿ ಗುಜರಿ ವ್ಯಾಪಾರ ನಂಬಿ ಬದುಕುವ ಕುಟುಂಬಗಳು ಬಹಳ. ಅವರಿಗೆ 2010ರ ದೆಹಲಿಯ ಮಾಯಾಪುರಿ ನೆನಪಿರಲಿ. ವಿಶ್ವವಿದ್ಯಾಲಯವೊಂದು ಹಳೆಯ ಯಂತ್ರವನ್ನು ಗುಜರಿಗೆ ಹರಾಜು ಹಾಕಿತು. ಒಳಗೆ ಕೋಬಾಲ್ಟ್-60 ಇತ್ತು. ಒಡೆದು ಬಿಡಿಸಿದ ಬಡ ಕೂಲಿಗಳು ಸುಟ್ಟುಕೊಂಡರು, ಒಬ್ಬರು ಸತ್ತರು. ಎರಡು ದಶಕಕ್ಕೂ ಹೆಚ್ಚು ಕಾಲ ಬಳಸದೆ ಮೂಲೆಯಲ್ಲಿದ್ದ ಆ ಯಂತ್ರ ಎಲ್ಲಿದೆ, ಹೇಗಿದೆ ಎಂದು ಮಂಡಳಿ ಒಮ್ಮೆ ಹೋಗಿ ನೋಡಿದ್ದರೆ ಸಾಕಿತ್ತು.

ಮಂಡಳಿಯನ್ನು ಸ್ವತಂತ್ರಗೊಳಿಸುವ ಮಾತು ಇಲ್ಲದಿರಲಿಲ್ಲ. ಜಪಾನಿನ ಫುಕುಶಿಮಾ ದುರಂತದ ಬಳಿಕ 2011ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಮಸೂದೆ ಮಂಡಿಸಿದರು. 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಜಪಾನಿನವರು ಅಷ್ಟು ಹೊತ್ತಿಗೆ ತಮ್ಮ ಕೆಲಸ ಮುಗಿಸಿದ್ದರು. ಅಲ್ಲಿನ ಸಂಸತ್ತು ನೇಮಿಸಿದ ಆಯೋಗ 2012ರಲ್ಲಿ, ಇದು ಸುನಾಮಿಯಷ್ಟೇ ಅಲ್ಲ, ಕಂಪೆನಿ ಮತ್ತು ಕಾವಲುಗಾರರು ಕೈಜೋಡಿಸಿದ್ದರಿಂದಾದ ಮನುಷ್ಯಕೃತ ಅನಾಹುತ ಎಂದು ಹೇಳಿತು. ಪರಮಾಣು ವಿದ್ಯುತ್ತನ್ನು ಬೆಳೆಸುವ ಸಚಿವಾಲಯದ ಅಡಿಯಲ್ಲೇ ಇದ್ದ ಹಳೆಯ ಕಾವಲು ಸಂಸ್ಥೆಯನ್ನು ಮುಚ್ಚಿ, ಅದೇ ವರ್ಷ ಹೊಸದನ್ನು ಕಟ್ಟಿದರು.

ನಮ್ಮಲ್ಲಿ 2025ರ ಡಿಸೆಂಬರಿನಲ್ಲಿ ಸಂಸತ್ತು ‘ಶಾಂತಿ’ ಎಂಬ ಚೆಂದದ ಹೆಸರಿನ ಕಾಯ್ದೆಯನ್ನು ಕೆಲವೇ ದಿನಗಳಲ್ಲಿ ಅಂಗೀಕರಿಸಿತು. 1962ರ ಕಾಯ್ದೆಯ ಜಾಗಕ್ಕೆ ಬಂದ ಇದು ಮಂಡಳಿಗೆ ಕೊನೆಗೂ ಶಾಸನದ ಸ್ಥಾನ ಕೊಟ್ಟಿದೆ, ದಂಡವನ್ನೂ ಹೆಚ್ಚಿಸಿದೆ. ಇದನ್ನು ಒಳ್ಳೆಯದೆಂದೇ ಹೇಳಬೇಕು. ಆದರೆ ಮಂಡಳಿಯ ಅಧ್ಯಕ್ಷರನ್ನೂ ಸದಸ್ಯರನ್ನೂ ಹುಡುಕಿ ಆರಿಸುವ ಸಮಿತಿಯನ್ನು ರಚಿಸುವುದು ಯಾರು? ಅದೇ ಪರಮಾಣು ಶಕ್ತಿ ಆಯೋಗ! ತಕ್ಕಡಿಗೆ ಮುದ್ರೆ ಹೊಡೆಯುವ ಅಧಿಕಾರಿಯನ್ನು ವರ್ತಕರ ಸಂಘವೇ ಆರಿಸಿ ಕಳಿಸಿದರೆ ಗೌಡರು ಏನೆಂದಾರು? ಇದೇ ಕಾಯ್ದೆ ಖಾಸಗಿ ಕಂಪೆನಿಗಳಿಗೂ ಪರಮಾಣು ವಿದ್ಯುತ್ತಿನ ಬಾಗಿಲು ತೆರೆದಿದೆ. ಕೆಟ್ಟ ಯಂತ್ರ ಪೂರೈಸಿದವರಿಂದ ಪರಿಹಾರ ವಸೂಲು ಮಾಡಲು 2010ರ ಕಾಯ್ದೆ ಕೊಟ್ಟಿದ್ದ ಹಕ್ಕನ್ನೂ ತೆಗೆದುಹಾಕಿದೆ. ಲಾಭದ ಕಣ್ಣು ಹೆಚ್ಚಾಗುವ ಹೊತ್ತಿಗೆ ಕಾವಲಿನ ಕಣ್ಣು ಇನ್ನಷ್ಟು ಬಿಗಿಯಾಗಬೇಕಿತ್ತು.

ಕೈಗಾದಲ್ಲಿ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ. 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ಅದರ ಸಾರ್ವಜನಿಕ ಅಹವಾಲು ನಡೆದಾಗ ಜನ ಎದ್ದುನಿಂತು ವಿರೋಧಿಸಿದರು. ಅನುಮತಿ ಮರುವರ್ಷವೇ ಸಿಕ್ಕಿತು. ಈಗಲಾದರೂ ನಮ್ಮ ಸಂಸದರು ದೆಹಲಿಯಲ್ಲಿ ಬಾಯಿ ಬಿಡಲಿ. ಮಂಡಳಿಯ ಆಯ್ಕೆ ಸಮಿತಿಯಿಂದ ಇಲಾಖೆಯನ್ನು ದೂರವಿಟ್ಟು ವಿರೋಧ ಪಕ್ಷದ ನಾಯಕರನ್ನೂ ನ್ಯಾಯಾಧೀಶರನ್ನೂ ಕೂರಿಸಲಿ. ಕೈಗಾದ ಪ್ರತಿ ತಪಾಸಣೆಯ ವರದಿ, ಏನು ಕೆಟ್ಟಿತ್ತು, ಯಾವಾಗ ಸರಿಯಾಯಿತು ಎಂಬುದರ ಸಮೇತ, ಕನ್ನಡದಲ್ಲಿ ಮಲ್ಲಾಪುರದ ಪಂಚಾಯಿತಿ ಕಚೇರಿಯ ಗೋಡೆಗೆ ಬರಲಿ. ಅವಘಡವಾದರೆ ಅದೇ ದಿನ ಜನರಿಗೆ ತಿಳಿಸಬೇಕೆಂಬ ನಿಯಮವಾಗಲಿ. ವಿಧಾನಸೌಧದಲ್ಲಿ ಕೂತವರು ಮೂಡಿಗೆರೆ, ಕೊಪ್ಪ, ಕಳಸಗಳಲ್ಲಿರುವ ಎಕ್ಸ್‌ರೇ ಯಂತ್ರಗಳೆಷ್ಟು, ಅವುಗಳಲ್ಲಿ ಪರವಾನಗಿ ಇರುವುದೆಷ್ಟು ಎಂಬ ಪಟ್ಟಿಯೊಂದನ್ನು ಪ್ರಕಟಿಸಲಿ. ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.