ತಂದೆಯ ರಕ್ತಕ್ಯಾನ್ಸರ್ ಮಗಳಿಗೆ ಬರುವುದೇ?

ಗದಗ ಸೀಮೆಯ ತಾಯಿಯೊಬ್ಬರು ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಯಜಮಾನರಿಗೆ ಎರಡು ವರ್ಷಗಳ ಹಿಂದೆ ವೈದ್ಯರು ಸಿ.ಎಂ.ಎಲ್. ಎಂದು ಕರೆಯುವ ಒಂದು ಬಗೆಯ ರಕ್ತಕ್ಯಾನ್ಸರ್ ಇರುವುದು ಪತ್ತೆಯಾಯಿತು. ಈಗ ದಿನವೂ ಗುಳಿಗೆ ತೆಗೆದುಕೊಂಡು ಹೊಲಮನೆ ನೋಡಿಕೊಂಡಿದ್ದಾರೆ. ಹಿರಿಯ ಮಗಳ ಲಗ್ನದ ಮಾತುಕತೆ ಮುಗಿದು ನಿಶ್ಚಯಕ್ಕೆ ದಿನ ಗೊತ್ತುಮಾಡುವ ವೇಳೆಗೆ, ತಂದೆಯ ತಪಾಸಣಾ ಪತ್ರದಲ್ಲಿ 'ವರ್ಣತಂತುವಿನ ದೋಷ' ಇದೆಯೆಂದು ಕೇಳಿ ಗಂಡಿನ ಕಡೆಯ ಹಿರಿಯರು ಹಿಂಜರಿದಿದ್ದಾರೆ. ಇದು ವಂಶಪಾರಂಪರ್ಯವಾಗಿ ಬರುವ ರೋಗವೇ ಎಂಬುದು ಆ ತಾಯಿಯ ಪ್ರಶ್ನೆ. ಅಲ್ಲ ಎಂಬುದೇ ಉತ್ತರ. ಆದರೆ ಬರಿದೇ ಅಲ್ಲವೆಂದರೆ ಬೀಗರಾಗುವವರು ನಂಬಲಾರರು, ಕಾರಣವನ್ನೂ ಹೇಳಬೇಕು.

ನಮ್ಮ ದೇಹದ ಬಹುತೇಕ ಜೀವಕೋಶಗಳಲ್ಲಿ 23 ಜೊತೆ ವರ್ಣತಂತುಗಳಿರುತ್ತವೆ. 1960ರಲ್ಲಿ ಅಮೆರಿಕೆಯ ಫಿಲಡೆಲ್ಫಿಯ ನಗರದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬ ಇಬ್ಬರು ಸಂಶೋಧಕರು ಈ ರೋಗಿಗಳ ರಕ್ತದಲ್ಲಿ ಅಸಹಜವಾಗಿ ಕಿರಿದಾದ ವರ್ಣತಂತುವೊಂದನ್ನು ಕಂಡರು. ಆ ಊರಿನ ಹೆಸರೇ ಅದಕ್ಕೆ ನಿಂತಿತು. ಅದು ಕಿರಿದಾದುದು ಹೇಗೆಂದು ತೋರಿಸಿಕೊಟ್ಟವರು 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ. ನಾಲ್ಕು ಮಕ್ಕಳ ತಾಯಿಯಾದ ಆಕೆ ಮನೆಯ ಊಟದ ಮೇಜಿನ ಮೇಲೆ ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಸಿ ಜೋಡಿಸುತ್ತಿದ್ದರೆ, ಅಮ್ಮ ಕಾಗದದ ಗೊಂಬೆಯಾಟ ಆಡುತ್ತಿದ್ದಾಳೆಂದು ಮಕ್ಕಳು ನಗುತ್ತಿದ್ದರಂತೆ! ಆ ಮೇಜಿನ ಮೇಲೆ ತಿಳಿದುಬಂದದ್ದು ಇಷ್ಟು: 9ನೆಯ ವರ್ಣತಂತುವಿನ ತುದಿಯೂ 22ನೆಯದರ ತುದಿಯೂ ಮುರಿದು, ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿವೆ.

ಈ ಅದಲುಬದಲು ನಡೆಯುವುದು ಹುಟ್ಟುವಾಗಲ್ಲ. ಹುಟ್ಟಿ ಎಷ್ಟೋ ವರ್ಷಗಳ ಮೇಲೆ, ಎಲುಬಿನ ಮಜ್ಜೆಯ ಒಂದೇ ಒಂದು ಜೀವಕೋಶದಲ್ಲಿ. ಆ ಕೋಶದ ಸಂತತಿಯೇ ಬೆಳೆದು ರಕ್ತವನ್ನು ತುಂಬುತ್ತದೆ. ಸಂತಾನಕ್ಕೆ ಕಾರಣವಾಗುವ ಬೀಜಕೋಶಗಳಿಗೆ ಈ ದೋಷ ತಾಗುವುದೇ ಇಲ್ಲ. ಆದುದರಿಂದ ಮಗಳಿಗೆ ಇಳಿದುಬರುವ ಮಾತೇ ಇಲ್ಲ. ಹಿರೋಷಿಮಾದ ಅಣುಬಾಂಬಿನಿಂದ ಬದುಕುಳಿದವರಲ್ಲಿ ಈ ರೋಗ ಹೆಚ್ಚಾಗಿ ಕಂಡಿತೆಂಬುದು ನಿಜ. ಉಳಿದಂತೆ ಬಹುಪಾಲು ರೋಗಿಗಳಲ್ಲಿ ಇಂಥದೇ ಕಾರಣವೆಂದು ಬೆರಳು ಮಾಡಿ ತೋರಿಸಲಾಗದು. 'ವಂಶವಾಹಿಯ ದೋಷ' ಎಂದ ಮಾತ್ರಕ್ಕೆ 'ವಂಶದ ದೋಷ' ಎಂದು ತಿಳಿಯುವುದೇ ಎಲ್ಲ ಗೊಂದಲಕ್ಕೂ ಮೂಲ. ನಮ್ಮ ಭಾಷೆಯಲ್ಲಿ ಎರಡು ಪದಗಳೂ ಅಕ್ಕಪಕ್ಕದಲ್ಲಿ ಕುಳಿತಿರುವುದು ದುರದೃಷ್ಟ.

ಎಲ್ಲ ಕ್ಯಾನ್ಸರಿಗೂ ಈ ಮಾತು ಅನ್ವಯಿಸದು. ಸ್ತನ ಮತ್ತು ಅಂಡಾಶಯದ ಕೆಲವು ಕ್ಯಾನ್ಸರುಗಳಲ್ಲಿ ಬಿ.ಆರ್.ಸಿ.ಎ. ಎಂಬ ವಂಶವಾಹಿಯ ದೋಷ ತಂದೆಯಿಂದಾಗಲಿ ತಾಯಿಯಿಂದಾಗಲಿ ಮಕ್ಕಳಿಗೆ ಬರಬಹುದು. ಅಂಥ ಮನೆತನದವರು ವೈದ್ಯರ ಸಲಹೆಯಂತೆ ಮುಂಚಿತವಾಗಿ ತಪಾಸಣೆ ಮಾಡಿಸಿಕೊಳ್ಳುವುದು ಲೇಸು.

ಇನ್ನು ಗುಳಿಗೆಯ ವಿಚಾರ. ಮುರಿದು ಕೂಡಿದ ವರ್ಣತಂತು ಒಂದು ವಿಕೃತ ಕಿಣ್ವವನ್ನು ಹುಟ್ಟಿಸುತ್ತದೆ. 'ಬೆಳೆ, ಬೆಳೆ' ಎಂದು ಅದು ಬಿಳಿ ರಕ್ತಕಣಗಳಿಗೆ ಬಿಡುವಿಲ್ಲದೆ ಆಜ್ಞೆ ಕೊಡುತ್ತಿರುತ್ತದೆ. ಇಮ್ಯಾಟಿನಿಬ್ ಎಂಬ ಔಷಧವು ಆ ಕಿಣ್ವವು ತನ್ನ ಶಕ್ತಿಯನ್ನು ಪಡೆಯುವ ಸಂದಿನಲ್ಲೇ ಹೋಗಿ ಕುಳಿತು ಅದರ ಬಾಯಿ ಕಟ್ಟುತ್ತದೆ. ಹಳೆಯ ಔಷಧಗಳು ಕಳೆಯೊಡನೆ ಬೆಳೆಯನ್ನೂ ಸುಡುತ್ತಿದ್ದವು. ಇದು ಬಹುಮಟ್ಟಿಗೆ ಕಳೆಯನ್ನೇ ಹುಡುಕಿ ಹಿಡಿಯುವಂಥದು. 1998ರಲ್ಲಿ ಅಮೆರಿಕೆಯ ವೈದ್ಯ ಬ್ರಯನ್ ಡ್ರೂಕರ್ ಮೊದಲ ಪ್ರಯೋಗ ಆರಂಭಿಸಿದರು. ಸಾಕಷ್ಟು ಪ್ರಮಾಣದಲ್ಲಿ ಗುಳಿಗೆ ಪಡೆದ 54 ರೋಗಿಗಳ ಪೈಕಿ 53 ಮಂದಿಯ ರಕ್ತಕಣಗಳ ಎಣಿಕೆ ಸರಿಹೋಯಿತು. 2001ರಲ್ಲಿ ಅಲ್ಲಿನ ಸರ್ಕಾರ ಔಷಧಕ್ಕೆ ಮಂಜೂರಾತಿ ನೀಡಿತು. ಹತ್ತು ವರ್ಷಗಳ ತರುವಾಯ ಲೆಕ್ಕ ಹಾಕಿದಾಗ, ಮೊದಲಿನಿಂದ ಇದೇ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 83ರಷ್ಟು ಜನ ಜೀವಂತರಾಗಿದ್ದರು.

ಬೆಲೆಯ ಕಥೆಯೂ ದೊಡ್ಡದೇ. ಸ್ವಿಜರ್ಲೆಂಡಿನ ನೋವಾರ್ಟಿಸ್ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಆಗುತ್ತಿದ್ದಾಗ, ನಮ್ಮ ದೇಶದ ತಯಾರಕರು ಅದೇ ಔಷಧವನ್ನು ಹತ್ತು ಸಾವಿರದ ಆಸುಪಾಸಿನಲ್ಲಿ ಕೊಡುತ್ತಿದ್ದರು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕದಿದ್ದರೆ ರೈತಾಪಿ ಮನೆಗಳ ಗತಿ ಏನಾಗುತ್ತಿತ್ತೋ!

ಆದರೆ ನಮ್ಮ ಚಿಂತೆ ಬೇರೊಂದಿದೆ. ಎರಡು ತಿಂಗಳಲ್ಲಿ ಸುಸ್ತು ಇಳಿದು ರಕ್ತದ ಎಣಿಕೆ ಸರಿಹೋದೊಡನೆ, "ಗುಣವಾಯಿತು" ಎಂದು ಗುಳಿಗೆ ಬಿಡುವವರುಂಟು. ಲಂಡನ್ನಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಗುಳಿಗೆ ತಪ್ಪಿಸಿದವರಲ್ಲಿ ಚಿಕಿತ್ಸೆಯ ಫಲ ಬಹಳವಾಗಿ ಕುಗ್ಗಿತ್ತು. ತಿಂಗಳ ಲೆಕ್ಕದಲ್ಲಿ ಅದು ಬರೀ ಮೂರು ಗುಳಿಗೆ. ವರ್ಷಗಟ್ಟಲೆ ರೋಗದ ಕುರುಹೇ ಕಾಣದ ಕೆಲವರಿಗೆ ವೈದ್ಯರು ತಮ್ಮ ಕಣ್ಗಾವಲಿನಲ್ಲಿ ಗುಳಿಗೆ ನಿಲ್ಲಿಸಿ ನೋಡುವುದುಂಟು. ಆ ತೀರ್ಮಾನ ಅವರದು, ಮನೆಯವರದಲ್ಲ.

ತಾಯಿಯವರಿಗೆ ನಮ್ಮ ಸಲಹೆ ಇದು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಗಂಡಿನ ಕಡೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದು, ಈ ಪ್ರಶ್ನೆಯನ್ನು ಅವರ ಎದುರಿಗೇ ವೈದ್ಯರಲ್ಲಿ ಕೇಳಿರಿ. ಪತ್ರದ ಕೊನೆಯಲ್ಲಿ ಇನ್ನೊಂದು ಪ್ರಶ್ನೆಯಿದೆ: ಶ್ರಾವಣ ಸೋಮವಾರ ಉಪವಾಸವಿರುವ ಯಜಮಾನರು ಆ ದಿನ ಗುಳಿಗೆ ಬಿಡಬಹುದೇ? ಕೂಡದು. ಇದು ಊಟದೊಡನೆ, ತುಂಬಿದ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬೇಕಾದ ಗುಳಿಗೆ. ವೈದ್ಯರಿಗೆ ತಿಳಿಸಿ, ಅಂದು ಒಪ್ಪತ್ತಿನ ಊಟ ಮಾಡುವಾಗಲೇ ಅದನ್ನು ತೆಗೆದುಕೊಳ್ಳಲಿ.